ಕರ್ತರಿ ಪ್ರಯೋಗ

ಪುರಭವನ ರಿಪೇರಿಯಲ್ಲಿದೆ ಅಂದರು.
ಚರ್ಚಿನ ಹಾಲಿಗೆ ಇದ್ದಕ್ಕಿದ್ದ ಹಾಗೆ ಯಾರದೋ ರೋಸು ಬಂತು.
ಯುವಕ ಮಂಡಲದ ಬೀಗದ ಕೈ ಕಳೆದೇ ಹೋಯಿತು.
ಕೊನೆಗೆ ಸಿಕ್ಕಿದ್ದು ಬೋಳಾರದಲ್ಲಿ, ಹೊಳೆಬದಿ,
ಮುಚ್ಚಿದ ಹಂಚಿನ ಕಾರ್ಖಾನೆಯ ಶೆಡ್ಡು.
ಹತ್ತು ಗಂಟೆಗೆ ಕರೆಂಟು ಹೋಯಿತು.
ಹನ್ನೊಂದೂವರೆಗೆ ಹುಡುಗರ ಲ್ಯಾಪ್‌ಟಾಪು ಸತ್ತಿತು.
ಆಗ ಎಲ್ಲರಿಗೂ ನೆನಪಾದದ್ದು ನಾನು,
ಅಂದರೆ ನನ್ನ ಹಳೇ ಟೈಪ್‌ರೈಟರು.
ಜೆಪ್ಪುವಿನಿಂದ ರಿಕ್ಷಾದಲ್ಲಿ ಅದು ಬಂತು,
ಪಕ್ಕದಲ್ಲಿ ಉಳಿದ ಜಾಗದಲ್ಲಿ ನಾನು.

ಮೂವತ್ತೊಂದು ವರ್ಷ ಸರಕಾರಿ ಕಚೇರಿಯಲ್ಲಿ
ನಾನು ಕುಟ್ಟಿದ್ದು ಒಂದೇ ವಾಕ್ಯ:
ಕ್ರಮ ಕೈಗೊಳ್ಳಲಾಗಿದೆ. ಪರಿಶೀಲಿಸಲಾಗುತ್ತಿದೆ.
ಸದರಿಯವರನ್ನು ವಿಚಾರಿಸಿ ಕಳುಹಿಸಿಕೊಡಲಾಗಿದೆ.
ಲಾಗಿದೆ, ಲಾಗಿದೆ, ಲಾಗಿದೆ.
ಕ್ರಿಯಾಪದ ಇದೆ, ಕರ್ಮ ಇದೆ,
ಮಾಡಿದವನು ಮಾತ್ರ ಯಾವಾಗಲೂ
ಊಟಕ್ಕೆ ಹೋಗಿದ್ದಾನೆ.

ಪೀಠ ಅಂದರೆ ಒಂದು ಶಾಲೆಯ ಡೆಸ್ಕು, ಮೂರು ಕುರ್ಚಿ,
ನಡುವೆ ಬೊನಿಫಾಸ್ ಮಾಸ್ತರು, ಕೈಯಲ್ಲಿ ಬೀಸಣಿಗೆ.

ಅಪ್ಪಿಯಕ್ಕ ಬಂದು ಕೂತಳು.
ಬೆರಳ ತುದಿಯಲ್ಲಿ ಬೀಡಿಯ ಹೊಗೆಸೊಪ್ಪಿನ ಕಂದು.
ಅವಳು ತುಳುವಿನಲ್ಲಿ ಹೇಳುತ್ತಾ ಹೋದಳು,
ನಾನು ಕನ್ನಡದಲ್ಲಿ ಕುಟ್ಟುತ್ತಾ ಹೋದೆ.
ಮಗ ಹರಿಣಾಕ್ಷ. ಇಪ್ಪತ್ತಾರು. ಬಂದರಿನಲ್ಲಿ ಲೋಡಿಂಗು.
ಕೂಲಿ ಕೇಳಿ ಸಂಘದ ಚೀಟಿ ಬರೆಯುತ್ತಿದ್ದ.
ಬುಧವಾರ ಗಂಜಿಗೆ ಕೂತಿದ್ದಾಗ ಜೀಪು ಬಂತು.
ಎರಡು ಮಾತು ಕೇಳಿ ಬಿಡ್ತೇವೆ, ಅಂದರು.
ಉಪ್ಪಿನಕಾಯಿ ಬಟ್ಟಲಲ್ಲೇ ಇತ್ತು.
ಆಮೇಲೆ ಅವನು ಬರಲಿಲ್ಲ, ಅಂತ ಹೊಡೆದೆ.

ಓದಿ ಹೇಳಿ, ಅಂದಳು. ಹೇಳಿದೆ.
ಅಲ್ಲ, ಅಂದಳು. ಆಯೆ ಬೈದಿಜೆ.
ಬರಲಿಲ್ಲ ಅಂದರೆ ಮುಗಿಯಿತಲ್ಲ ಅಕ್ಕೆರೆ,
ಬಂದಿಲ್ಲ ಅಂತ ಬರೆಯಿರಿ.
ನಾಲ್ಕಕ್ಷರಕ್ಕೆ ಅಡ್ಡಗೆರೆ ಎಳೆದು
ಮೂರಕ್ಷರ ಹಾಕಿದೆ.
ಮಾಸ್ತರು ಬೀಸಣಿಗೆ ಕೆಳಗಿಟ್ಟು
ತಿದ್ದುಪಡಿಯ ಪಕ್ಕ ಸಹಿ ಮಾಡಿದರು.

ಮೀನಿನ ಲಾರಿಯ ಮಯ್ಯದ್ದಿ ಲೆಕ್ಕದ ಪುಸ್ತಕವನ್ನೇ ತಂದಿದ್ದ.
ಬಂಗುಡೆ ಹದಿನೆಂಟು ಪೆಟ್ಟಿಗೆ, ಐಸು ಇಷ್ಟು, ಡೀಸೆಲು ಇಷ್ಟು,
ಅದರ ಕೆಳಗೆ ಬೆಳಗಿನ ಮೂರೂಕಾಲಕ್ಕೆ
ಸೇತುವೆಯ ಮೇಲೆ ದೀಪ ಆರಿಸಿ ನಿಂತಿದ್ದ ಜೀಪಿನ ನಂಬರು.
ಪುಟ ಇನ್ನೂ ನಾರುತ್ತಿತ್ತು.

ಹಿಂದಿನ ಬೆಂಚಿನಲ್ಲಿ ಇಬ್ಬರು, ಸಾದಾ ಅಂಗಿ,
ಬೂಟು ಮಾತ್ರ ಇಲಾಖೆಯದ್ದು.
ಅವರೂ ಬರೆದುಕೊಳ್ಳುತ್ತಿದ್ದರು.
ಬರೆಯಲಿ. ಎರಡು ಪ್ರತಿ ಇದ್ದರೆ ಒಳ್ಳೆಯದೇ.

ಹೊಳೆಗಾಳಿಗೆ ಕಾಗದ ಹಾರದ ಹಾಗೆ
ಯಾರೋ ಒಂದು ಹಂಚು ತಂದಿಟ್ಟರು.
ಅದರ ಬೆನ್ನಿನಲ್ಲಿ ಉಬ್ಬಕ್ಷರ:
ಮಾಡಿದವರ ಹೆಸರು, ಊರು, ಇಸವಿ.
ಎಂದೋ ಸುಟ್ಟ ಮಣ್ಣು,
ಬೆರಳಾಡಿಸಿದರೆ ಈಗಲೂ ಓದಬಹುದು.

ಮಧ್ಯಾಹ್ನದ ಮೇಲೆ ವಕೀಲೆ ಸುಗುಣಾ
ಮಾಹಿತಿ ಹಕ್ಕಿನಲ್ಲಿ ತರಿಸಿದ ಒಂದು ಕಾಗದ ನನ್ನ ಮುಂದಿಟ್ಟರು,
ನಕಲು ಮಾಡಿಕೊಳ್ಳಿ ಅಂತ.
ಸದರಿ ಹರಿಣಾಕ್ಷ ಎಂಬವರನ್ನು
ವಿಚಾರಿಸಿ ಕಳುಹಿಸಿಕೊಡಲಾಗಿದೆ.
ಕೆಳಗೆ ಎಡಮೂಲೆಯಲ್ಲಿ, ಯಾರೂ ನೋಡದಲ್ಲಿ,
ಬೆರಳಚ್ಚುಗಾರರ ಸಣ್ಣ ಗುರುತು: ಜ.ಬಿ.

ಜಲಜಾಕ್ಷಿ ಬಿ.
ನಿವೃತ್ತಿಗೆ ಹನ್ನೊಂದು ದಿನ ಇತ್ತು.
ಆ ವಾರ ಅವರು ಕೊಟ್ಟ ಗೋಡೆ ಗಡಿಯಾರ ನೆನಪಿದೆ,
ಸೀರೆಯ ಅಂಚು ನೆನಪಿದೆ,
ಯಾರ ಟಿಫಿನ್ನಿನಲ್ಲಿ ಪತ್ರೊಡೆ ಇತ್ತು, ಅದೂ.
ಈ ಕಾಗದ ನೆನಪಿಲ್ಲ.

ಅಪ್ಪಿಯಕ್ಕ ಕಂಬಕ್ಕೆ ಒರಗಿ ನೀರು ಕುಡಿಯುತ್ತಿದ್ದಳು.
ಹೊಸ ಹಾಳೆ ಸಿಕ್ಕಿಸಿದೆ, ನಡುವೆ ಕಾರ್ಬನ್ನು.
ಸಾಕ್ಷಿ ಏಳು, ಅಂತ ಹೊಡೆದೆ.
ಇನ್ನು ಯಾರಿದ್ದಾರೆ? ಮಾಸ್ತರು ಪಟ್ಟಿ ಹುಡುಕಿದರು.
ನಾನು ಎಂಬಲ್ಲಿ ಕೀಲಿಯೊಂದು ಸಿಕ್ಕಿಕೊಂಡಿತು,
ಉಗುರಿನಿಂದ ಎಬ್ಬಿಸಿದೆ.

ಈ ವಾಕ್ಯವನ್ನು ಟೈಪು ಮಾಡಿದವಳು ನಾನು.
ಮಾಡಿಸಿದವರು, ಎಂದು
ಬಾಯಿ ಬಿಟ್ಟು ಹೇಳುತ್ತಲೇ ಕುಟ್ಟಿದೆ,
ಹೆಸರು, ಹುದ್ದೆ, ಆ ದಿನ ತೊಟ್ಟಿದ್ದ ಕನ್ನಡಕ.
ಹಿಂದಿನ ಬೆಂಚಿನಲ್ಲಿ ಒಬ್ಬನ ಪೆನ್ನು ನಿಂತಿತು.
ಇನ್ನೊಬ್ಬ ತಲೆ ಎತ್ತದೆ ಕೇಳಿದ:
ಇನಿಶಿಯಲ್?