ಅರವತ್ತೆಂಟು ಪರ್ಸೆಂಟ್

ನೋಟೀಸ್ ಬೋರ್ಡಿನ ಬಿರುಕು ಗಾಜಿನ ಹಿಂದೆ
ನನ್ನ ರಿಜಿಸ್ಟರ್ ನಂಬರಿನೆದುರು ಕೆಂಪು ಶಾಯಿ: ಅರವತ್ತೆಂಟು.
ಎಪ್ಪತ್ತೈದಕ್ಕೆ ಏಳು ಕಮ್ಮಿ.
ಆ ಏಳು ಎಲ್ಲಿ ಹೋಯಿತೆಂದು ಬೋರ್ಡು ಕೇಳಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:

ಎರಡು, ದಾವಣಗೆರೆಯ ಕೆಸರಲ್ಲಿ. ಸೊನ್ನೆ-ನಾಲ್ಕು.
ಒಂದು, ಹಾಸನದ ಪ್ಯಾಸೆಂಜರ್ ರೈಲಲ್ಲಿ,
ತೊಡೆಯ ಮೇಲೆ ನೋಟ್‌ಬುಕ್ಕಿಟ್ಟು ಬೆಂಜೀನಿನ ಉಂಗುರ ಬರೆಯುತ್ತಾ;
ಹೊಳೆನರಸೀಪುರ ದಾಟಿ ಹಳಿ ಕುಲುಕಿದಾಗ
ಆರು ಮೂಲೆಗೆ ಇನ್ನೊಂದು ಹುಟ್ಟಿತು.
ಪಕ್ಕದಲ್ಲಿ ಲವೀನಾ, ಬಾಯಿ ತೆರೆದು ನಿದ್ದೆ,
ಅವಳ ಅಕೌಂಟೆನ್ಸಿ ಪುಸ್ತಕ ನನ್ನ ಬೂಟಿನಡಿ.
ಮಿಕ್ಕ ನಾಲ್ಕೂ ಬಿಡಿಬಿಡಿಯಾಗಿ ಉದುರಿದವು
ಬೆಳಗಿನ ಮೊದಲ ಪೀರಿಯಡ್ಡಿನ ಬಾಗಿಲ ಹೊರಗೆ,
ಸಾಕ್ಸು ಕಳಚುವಾಗಿನ ಮಣ್ಣಿನ ಹಾಗೆ.

ಐದೂಕಾಲಿಗೆ ಅಶೋಕಪುರಂ ಬಿಡುತ್ತೇನೆ,
ಬೆಟ್ಟದ ಮೇಲಿನ ದೀಪ ಇನ್ನೂ ಆರಿರುವುದಿಲ್ಲ.
ವರ್ಕ್‌ಶಾಪಿನ ಸೈರನ್ ಕೂಗುವಷ್ಟರಲ್ಲಿ
ನೂರು ಸಲ ಎಡಕ್ಕೆ, ನೂರು ಸಲ ಬಲಕ್ಕೆ ಬಿದ್ದು
ಎದ್ದಿರುತ್ತೇನೆ.
ಬೀಳೋದನ್ನ ಕಲಿ, ಹಿಡಿಯೋದು ತಾನಾಗಿ ಬರುತ್ತೆ, ಅಂತಾರೆ ಕೋಚ್.
ಕೆಮಿಸ್ಟ್ರಿಗೆ ಈ ಮಾತು ಹೊಂದುವುದಿಲ್ಲ.
ನೋಡಿದ್ದೇನೆ, ಮೊದಲ ಸೆಮಿಸ್ಟರಿನಲ್ಲಿ ಬಿದ್ದು.

ಗೋಲಿಯ ಕೆಲಸ ಏನೇ ಅಂತ ಚಿಕ್ಕಮ್ಮ ಕೇಳುತ್ತಾಳೆ.
ನಿಲ್ಲೋದು, ಅನ್ನುತ್ತೇನೆ.
ಚೆಂಡು ಆ ತುದಿಯಲ್ಲಿರುವಾಗ
ಹನ್ನೊಂದು ನಿಮಿಷ, ಹದಿಮೂರು ನಿಮಿಷ
ಯಾರ ಕಣ್ಣೂ ನನ್ನ ಮೇಲಿರುವುದಿಲ್ಲ.
ಆಗ ತುಟಿಯಲ್ಲೇ ಧಾತುಗಳ ಸಾಲು ಒಪ್ಪಿಸುತ್ತೇನೆ:
ಸ್ಕ್ಯಾಂಡಿಯಂ, ಟೈಟಾನಿಯಂ, ವನೇಡಿಯಂ...
ಮೊನ್ನೆ ಕ್ರೋಮಿಯಂ ತನಕ ಬಂದಿದ್ದೆ,
ಮಂಡ್ಯದವರ ಹತ್ತನೇ ನಂಬರು, ಉದ್ದ ಜಡೆಯವಳು,
ಕಬ್ಬಿನ ಸಾಲುಗಳ ನಡುವೆ ಓಡಿ ಬೆಳೆದವಳ ಹಾಗೆ
ಬಗ್ಗಿ, ನುಗ್ಗಿ, ಒದ್ದಳು.
ಬೆರಳಿಗೆ ತಾಗಿತು. ಕಂಬಕ್ಕೆ ತಾಗಿತು. ಒಳಗೆ ಹೋಯಿತು.
ಸಂಜೆಗೆ ಬಲಗೈಯ ಉಂಗುರದ ಬೆರಳು ಗುಂಡು ಬದನೆಕಾಯಿ.
ಕಿರುಬೆರಳಿಗೆ ಸೇರಿಸಿ ಟೇಪು ಸುತ್ತಿದರು.
ಕಿರುಚುವ ಬದಲು
ಮ್ಯಾಂಗನೀಸ್ ಎಂದೆ.

ಮಾರನೇ ದಿನ ಇಂಟರ್ನಲ್ ಪ್ರಾಕ್ಟಿಕಲ್. ಟೈಟ್ರೇಷನ್.
ಬ್ಯೂರೆಟ್ಟಿನ ನಲ್ಲಿ ತಿರುಗಿಸಲು ಬಲಗೈ ಬಾರದು.
ಗಾಜು ತೊಳೆದಿಡುವ ಅಟೆಂಡರ್ ಚಿಕ್ಕರಂಗಯ್ಯ
ಡಿಸ್ಟಿಲ್ಡ್ ವಾಟರ್ ತುಂಬುವ ನೆಪದಲ್ಲಿ ಬಂದು ಪಿಸುಗುಟ್ಟಿದ:
‘ಎಡಗೈಲಿ ಹಿಡಿಯವ್ವ ನಲ್ಲೀಯ. ಸರಿಯಾದ ಕೈ ಅದೇಯ.
ಎರಡು ವರ್ಷದಿಂದ ನೋಡ್ತಾವ್ನಿ, ನೀನೇ ತಪ್ಪು ಹಿಡೀತಿದ್ದೆ.’
ನಲ್ಲಿಯ ಮೇಲೆ ಎಡಗೈ.
ಬಲಗೈಯ ಮೂರು ಬೆರಳಲ್ಲಿ ಫ್ಲಾಸ್ಕಿನ ಕತ್ತು.
ಹನಿ. ಹನಿ. ಏನೂ ಇಲ್ಲ. ಹನಿ.
ಕಾಯುವುದು ನನಗೆ ಗೊತ್ತು.
ಒದೆಯುವ ಮುಂಚೆ ಹಾರಬಾರದೆಂಬುದೂ ಗೊತ್ತು.
ಇಪ್ಪತ್ತೊಂದು ಪಾಯಿಂಟ್ ನಾಲ್ಕಕ್ಕೆ
ಬಿಳಿ ಟೈಲಿನ ಮೇಲೆ ತೆಳು ಗುಲಾಬಿ,
ಎಳೆಗೂಸಿನ ಉಗುರಿನ ಬಣ್ಣ,
ಅಲ್ಲಾಡಿಸಿದರೂ ಹೋಗಲಿಲ್ಲ.

ವಾರಿಜಾ ಮೇಡಂ ಹೇಳಿದ್ದರಲ್ಲಿ ಸುಳ್ಳಿಲ್ಲ:
‘ರೀಡಿಂಗ್ ಚೆನ್ನಾಗಿದೆ. ಹಾಜರಿ ಚೆನ್ನಾಗಿಲ್ಲ.’
ಪಿ.ಡಿ. ಸರ್ ಬರೆದುಕೊಟ್ಟ ಪತ್ರ, ಸೀಲು ಸಮೇತ,
ಅವರ ಮೇಜಿನ ಗಾಜಿನ ಗುಂಡಿನಡಿ
ಒಂಬತ್ತು ದಿನದಿಂದ ಮಲಗಿದೆ.
ಕಾರಿಡಾರಿನಲ್ಲಿ ಹೋಗುವಾಗೆಲ್ಲ ಕಿಟಕಿಯಿಂದ ಇಣುಕುತ್ತೇನೆ.
ಇದೆ.
ಹೆಸರು ಕೂಗಿದಾಗ ಇಲ್ಲದವಳು ನಾನು, ಒಪ್ಪಿದೆ.
ಯಾರೂ ಹೆಸರು ಕೂಗದ ಕಡೆ ತೊಂಬತ್ತು ನಿಮಿಷ ನಿಂತದ್ದನ್ನು
ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

ಶನಿವಾರ ಮತ್ತೆ ನಿಂತೆ, ಟೇಪಿನ ಮೇಲೆ ಟೇಪು.
ರಾತ್ರಿ ಮನೆಗೆ ಬಂದರೆ
ಇಡೀ ದಿನ ಬೋಗಿಗೆ ಬಣ್ಣ ಬಳಿದು ಬಂದ ಅಪ್ಪ
ಮೆಟ್ಟಿಲ ಮೇಲೆ ಕೂತು ಉಗುರಿನ ನೀಲಿ ಉಜ್ಜುತ್ತಿದ್ದ.
‘ಎಷ್ಟು ಬಂತು?’
‘ಎರಡು.’
‘ನೂರಕ್ಕಾ?’
‘ತೊಂಬತ್ತಕ್ಕೆ.’
ಟರ್ಪೆಂಟೈನ್ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.
‘ಅಂದ್ರೆ, ಪಾಸಾ?’

ನಾನು ರೆಕಾರ್ಡ್ ಪುಸ್ತಕದ ಹೊಸ ಪುಟ ತೆಗೆದು
ಎಡಗೈಯಲ್ಲಿ, ಸೊಟ್ಟಗೆ,
ತಾರೀಖು ಬರೆದೆ.