ಬಿಳಿಯ ಮೇಲೆ ಬಿಳಿ

ಮಂಡ್ಯದ ಸಕ್ಕರೆ ಕಾರ್ಖಾನೆ ಕ್ಲಬ್ಬಿನ ಗೋಡೆಗೆ
ಎರಡು ಬೆಡ್‌ಶೀಟು ಜೋಡಿಸಿ ಹೊಲಿದು ಕಟ್ಟಿದ್ದರು.
ಹೊಲಿದವನು ಗುತ್ತಲು ರಸ್ತೆಯ ದರ್ಜಿ ಮೊಹಿದ್ದೀನ್,
ಅದಕ್ಕೇ ಅವನಿಗೆ ಮುಂದಿನ ಬೆಂಚು, ಪುಕ್ಕಟೆ.
ರೀಲಿನ ಡಬ್ಬಿಗಳು ಮೈಸೂರಿಂದ ಕೆಂಪು ಬಸ್ಸಿನ ಟಾಪಿನಲ್ಲಿ
ಕೋಳಿಬುಟ್ಟಿಗಳ ಜತೆ ಬಂದಿದ್ದವು.
ಯಾವ ದೇಶದ್ದೋ ಭಾಷೆ. ಕೆಳಗೆ ಇಂಗ್ಲಿಷಿನ ಬಿಳಿ ಅಕ್ಷರ.
ಓದಿ ಕನ್ನಡದಲ್ಲಿ ಕೂಗುವುದು ನನ್ನ ಕೆಲಸ:
ಹೈಸ್ಕೂಲು ಮೇಷ್ಟ್ರು, ವಯಸ್ಸು ಇಪ್ಪತ್ತಾರು,
ಗಂಟಲು ಗಟ್ಟಿ.

ಕತೆ ಇಷ್ಟು. ಯುದ್ಧ. ಮುತ್ತಿಗೆ ಬಿದ್ದ ಊರು. ಹಿಮ.
ಮೆರವಣಿಗೆಗೆ ಜನರಲ್ಲಿಗೊಂದು ಕೋಟು ಬೇಕು.
ಕೊಟ್ಟ ಬಟ್ಟೆಯಲ್ಲಿ ಅರ್ಧ
ಆಗಲೇ ದರ್ಜಿಯ ಮಗಳ ಮೈಮೇಲೆ.
ಹಾಗಾಗಿ ಬೆನ್ನೇ ಇಲ್ಲದ ಕೋಟು ಹೊಲಿದ:
ಮುಂದೆ ಕಾಲರು, ಪದಕ, ಹನ್ನೆರಡು ಗುಂಡಿ;
ಹಿಂದೆ ಎರಡು ಲಾಡಿ, ಎಳೆಗೂಸಿನ ಜಬ್ಲಕ್ಕಿರುವ ಹಾಗೆ.
"ಶೂರರು ಬೆನ್ನು ತೋರಿಸೋದಿಲ್ಲ, ಸ್ವಾಮಿ," ಅಂದ.
ಜನರಲ್ ಒಪ್ಪಿಬಿಟ್ಟ.

ನಗು ಎರಡು ಕಂತಿನಲ್ಲಿ ಬಂತು.
ಕುರ್ಚಿಯ ಮೇಲಿನ ಕೆಮಿಸ್ಟು, ಎಂಜಿನಿಯರು ಮೊದಲು.
ನಾನು ಕೂಗಿದ ಮೇಲೆ ಜಮಖಾನೆಯವರು,
ಬಾಯ್ಲರಿನವರು, ಕಬ್ಬು ಇಳಿಸುವವರು, ಅವರ ಹೆಂಗಸರು, ಹೋ ಅಂತ.
ಅಷ್ಟರಲ್ಲಿ ತೆರೆಯ ಮೇಲೆ ಯಾರಾದರೂ ಸತ್ತಿರುತ್ತಿದ್ದ.
ಸೂತಕದ ಮನೆಗೆ, ಗೊತ್ತಿಲ್ಲದೆ,
ಬಾಳೆಹಣ್ಣು ಹಿಡಿದು ಬಂದ ನೆಂಟನ ಹಾಗೆ
ನಗು ನಿಂತಿರುತ್ತಿತ್ತು ಬಾಗಿಲಲ್ಲಿ.

"ಬೆಳ್ಳಿಗೆ ಅಂಗುಸ್ತಾನ ಇಲ್ಲ, ಇವ್ನೆಂಥ ದರ್ಜಿ!"
ಮೊಹಿದ್ದೀನ್ ಎದ್ದ. ಅವನ ನೆರಳು ಜನರಲ್ಲಿನ ಮೇಲೆ.
"ಕುಂತ್ಕಳಯ್ಯೋ!"

ಕೊನೇ ರೀಲು. ಗಾಳಿ. ಬಿಚ್ಚಿದ ಲಾಡಿ.
ಊರಿಗೂರೇ ಜನರಲ್ಲಿನ ಬರಿ ಬೆನ್ನು ನೋಡಿತು.
ಯಾರೂ ನಗಲಿಲ್ಲ. ನಕ್ಕವನು ದರ್ಜಿ ಒಬ್ಬನೇ,
ತನ್ನದೇ ಕೆಲಸ ಕಂಡು, ತಡೆಯಲಾರದೆ.
ಬಯಲಿಗೆ ಒಯ್ದು ನಿಲ್ಲಿಸಿದರು.
ಅವನು ಬಾಯಿ ತೆರೆದ. ಏನೋ ಅಂದ.
ಬಿಳಿ ಅಕ್ಷರ ಬಿಳಿ ಹಿಮದ ಮೇಲೆ ಬಂದು
ಹೋಯಿತು.

"ಏನಂದ ಸಾ?"
"ಏನಂದ, ಏನಂದ?" ಜಮಖಾನೆಯೆಲ್ಲ.
ಹೊರಗೆ ಕಾಕಂಬಿಯ ವಾಸನೆ, ಒಳಗೆ ಪ್ರೊಜೆಕ್ಟರಿನ ಟರಟರ.
ಹಿಮದ ಅಂಚಿನಲ್ಲಿ ಆ ಹುಡುಗಿ, ಕಾಲ್ಗಂಟಿಗೆ ಬರುವ ಕೋಟಿನಲ್ಲಿ.
ನಾನು ಕೂಗಿದೆ:
"ಗುಂಡಿ ಹಾಕ್ಕೊ ಮಗಾ, ಚಳಿ."
ಆಮೇಲೆ ಗುಂಡು.

ಮೊಹಿದ್ದೀನ್ ಟೋಪಿ ತೆಗೆದು ಮುಖ ಒರೆಸಿಕೊಂಡ.
ದರ್ಜಿ ಇನ್ನೇನಂತಾನೆ, ಅದನ್ನೇ ಅಂದಿರ್ತಾನೆ, ಅಂದ.

ನಲವತ್ತು ವರ್ಷ. ಕ್ಲಬ್ಬಿನ ಗೋಡೆ ಸೀಳಿ ಅರಳಿ ಗಿಡ ಎದ್ದಿದೆ.
ಇವತ್ತಿಗೂ ಮಾರ್ಕೆಟ್ಟಿನಲ್ಲಿ ನಿಂಗಾಜಮ್ಮ
ಸೊಪ್ಪಿನ ಕಟ್ಟು ಕೈಗಿಡುತ್ತ
"ಗುಂಡಿ ಹಾಕ್ಕೊ ಮಗಾ ಅಂದ್ನಲ್ಲ ಸಾ, ಪಾಪದೋನು" ಅನ್ನುತ್ತಾಳೆ.
ಮೊಮ್ಮಗನನ್ನು ಹಾಗೆ ಹೇಳಿಯೇ ಸ್ಕೂಲಿಗೆ ಕಳಿಸುತ್ತಾಳಂತೆ.

ಯಾರಿಗೂ ಹೇಳಿಲ್ಲ ನಾನು.
ಕೋವಿ ಹಿಡಿದ ಐವರಲ್ಲಿ ಎಡತುದಿಯ ಹುಡುಗ,
ಮೀಸೆ ಮೂಡದವನು, ಆ ಮಾತು ಕೇಳಿ
ತುಟಿ ಕಚ್ಚಿಕೊಂಡ. ಅಳುವಿಗಲ್ಲ.
ಭುಜ ಕುಲುಕುತ್ತಿತ್ತು. ನಗು ತಡೆದವರ ಭುಜ
ಹೇಗೆ ಕುಲುಕುತ್ತದೆಂದು ಮೇಷ್ಟ್ರಿಗೆ ಯಾರೂ ಕಲಿಸಬೇಕಿಲ್ಲ,
ಕೊನೇ ಬೆಂಚಿನಲ್ಲಿ ದಿನಾ ಕಂಡದ್ದು.

ಅದು ಜೋಕು.
ಕೋವಿಯ ಮೂತಿ ಒಂದಿಂಚು ಅಲುಗಿಸುವಂಥ ಜೋಕು.
ನಾನು ಆ ಬಟ್ಟೆ ಕದ್ದು
ಬೇರೇನೋ ಹೊಲಿದುಕೊಟ್ಟೆ, ಊರು ಇನ್ನೂ ತೊಟ್ಟುಕೊಂಡಿದೆ.

ಚಳಿ ದಿನ ಕನ್ನಡಿಯ ಮುಂದೆ ಸ್ವೆಟರು ಹಾಕುವಾಗ
ಅವನ ತುಟಿ ಆಡಿದ ಹಾಗೆ ಆಡಿಸಿ ನೋಡುತ್ತೇನೆ.
ಎರಡು ಸಲ ತೆರೆದಿತ್ತು,
ಒಂದು ಸಲ ಮುಚ್ಚಿತ್ತು.