ಷ ಒತ್ತು

ಬಲ್ಮಠ ಗುಡ್ಡೆಯ ಪ್ರೆಸ್ಸಿನಲ್ಲಿ, ಲಾಟೀನು ಹತ್ತಿರ ಎಳೆದು
ಇಸ್ರೇಲ್ ಅಮ್ಮಣ್ಣ ಜೋಯಿಸರ ಪಂಚಾಂಗಕ್ಕೆ ಮೊಳೆ ಜೋಡಿಸುತ್ತಿದ್ದ:
ಧೂಮಕೇತು. ಬಾಲ ತೆಂಕಕ್ಕೆ. ಅರಸನಿಗೆ ಕೇಡು,
ಕರಾವಳಿಗೆ

ಅಲ್ಲಿಗೆ ಷ ಒತ್ತು ಮುಗಿಯಿತು.
ಇಪ್ಪತ್ತೇಳು ನಕ್ಷತ್ರಗಳೇ ನುಂಗಿದ್ದವು ಇದ್ದುದನ್ನೆಲ್ಲ.
ಕ್ಷಾಮ ಇನ್ನು ನಾಳೆಯವರೆಗೆ ಕಾಯಬೇಕು.

ಹೇಳಿಕಳಿಸಿದ. ಜೋಯಿಸರ ಉತ್ತರ ಬಂತು:
“ಹಾಗಾದರೆ ಬರ ಅಂತ ಹಾಕು ಮಾರಾಯ.”
ಬ ಇತ್ತು. ರ ಬೇಕಾದಷ್ಟಿತ್ತು.
ಕೈ ಏಳಲಿಲ್ಲ.

ಹೊರಗೆ ಬಂದ. ಅಳಿವೆಯ ಮೇಲೆ ಅದು,
ಬೆಳ್ಳಗೆ, ತಲೆ ಕೆಳಗಾಗಿ.
ಮೂವತ್ತು ವರ್ಷ ಅಕ್ಷರಗಳನ್ನು
ಹಿಂದುಮುಂದಾಗಿಯೇ ಓದಿದ ಕಣ್ಣು:
ಇದೂ ಒಂದು ಮೊಳೆಯೇ,
ಇನ್ನೂ ಮಸಿ ಹಚ್ಚದ್ದು.
ಅಚ್ಚಾಗುವ ಮೊದಲೇ ಅರ್ಥ ಹೇಳುವುದು
ಜೋಯಿಸರಿಗೇ ಇರಲಿ.

ಕೆಳಗೆ ನೇತ್ರಾವತಿ,
ಒಂದು ಗಳಿಗೆಯೂ ಅಲುಗದೆ ನಿಲ್ಲದ ಕಾಗದ.